ಫಾದರ್ ಇನ್ನಾಸಪ್ಪನವರು ಹೇಳದೆ ಉಳಿದದ್ದು

ಬೈರಕೂರು, ಮುಳಬಾಗಿಲು ತಾಲ್ಲೂಕು
4 ಫೆಬ್ರುವರಿ 2024

ಲೇಖಕಿ ಧನಶ್ರೀಯವರಿಗೆ, ವಾರಪತ್ರಿಕೆಯ ವಿಳಾಸದ ಮೂಲಕ,

ನಿಮ್ಮ ‘ಹದಿಮೂರನೆಯ ಮೇಣದಬತ್ತಿ’ ಧಾರಾವಾಹಿಯ ಇಪ್ಪತ್ತನೆಯ ಕಂತನ್ನು ನಿನ್ನೆ ಓದಿ ಮುಗಿಸಿದವನೇ ಪತ್ರಿಕೆಯನ್ನು ಜಗಲಿಯ ಮೇಲೆ ಬಿಸಾಡಿದೆ. ಆಮೇಲೆ ಎತ್ತಿಕೊಂಡು ಇನ್ನೊಂದು ಸಲ ಓದಿದೆ. ಎರಡು ಸಲ ಓದಿ ಬರೆಯುತ್ತಿದ್ದೇನೆ, ಆದ್ದರಿಂದ ಇದನ್ನು ಆತುರದ ಮಾತು ಎನ್ನಬೇಡಿ.

ನನಗೆ ಎಪ್ಪತ್ತಮೂರು ವರ್ಷ. ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದು ನಿವೃತ್ತನಾದವನು. ಈಗ ನಾಲ್ಕು ಎಕರೆ ಮಾವು ನೋಡಿಕೊಂಡಿದ್ದೇನೆ. ಪತ್ತೇದಾರಿ ಕಾದಂಬರಿ ಓದುವ ಚಟ ಹದಿನೈದನೆಯ ವಯಸ್ಸಿಗೆ ಅಂಟಿದ್ದು ಇನ್ನೂ ಬಿಟ್ಟಿಲ್ಲ. ಐವತ್ತು ವರ್ಷದ ಹಿಂದೆ ಓದಿದ ಕಥೆಯಲ್ಲಿ ವಿಷದ ಸೀಸೆ ಯಾವ ಅಲಮಾರಿನಲ್ಲಿತ್ತು ಎಂದು ಕೇಳಿದರೂ ಹೇಳಬಲ್ಲೆ. ಅಂದಮೇಲೆ ನಾನು ದೆವ್ವದ ಕಥೆಯ ರುಚಿ ಗೊತ್ತಿಲ್ಲದ ಮುದುಕನಲ್ಲ.

ನಿಮ್ಮ ಗುಡ್ಡದ ಚರ್ಚಿನಲ್ಲಿ ಪೀಠದ ಕೆಳಗೆ ಒಂದು ಪಿಶಾಚಿಯನ್ನು ಬಂಧಿಸಿಟ್ಟಿದ್ದಾರೆ. ಇರಲಿ. ಶಿಲುಬೆ ಎತ್ತಿದರೆ ನೀಲಿ ಬೆಂಕಿ ಹಾರುತ್ತದೆ, ಪವಿತ್ರ ಜಲ ಬಿದ್ದ ಕಡೆ ಪಿಶಾಚಿಯ ಚರ್ಮ ಸುಡುತ್ತದೆ. ಅದೂ ಇರಲಿ, ಕಲ್ಪನೆ. ಆದರೆ ಏಪ್ರಿಲ್ ತಿಂಗಳ ಮಾಲೂರು ಬಿಸಿಲಿನಲ್ಲಿ ನಿಮ್ಮ ಫಾದರ್ ಲೂಯಿಸ್ ಪಾದದವರೆಗೆ ಕಪ್ಪು ನಿಲುವಂಗಿ ತೊಟ್ಟು ಓಡುತ್ತಾರೆ. ನಮ್ಮ ಕಡೆಯ ಫಾದರುಗಳು ಬಿಳಿ ಅಂಗಿ ಹಾಕುತ್ತಾರಮ್ಮ. ಅರವತ್ತು ವರ್ಷದಿಂದ ನೋಡುತ್ತಿದ್ದೇನೆ, ಸಿನಿಮಾದವರಿಗೂ ಕಾದಂಬರಿಯವರಿಗೂ ಚರ್ಚು ಎಂದರೆ ಗುಡುಗು, ಬಾವಲಿ, ಕಿರುಗುಟ್ಟುವ ಬಾಗಿಲು. ಫಾದರ್ ಎಂದರೆ ಒಂದೋ ಮಂತ್ರವಾದಿ, ಇಲ್ಲವೇ ನಿಧಿಗಳ್ಳ. ಭಾನುವಾರ ತಲೆಗೆ ಸೆರಗು ಹೊದ್ದು ಪೂಜೆಗೆ ಹೋಗುವ ಹೆಂಗಸರು ನಿಮ್ಮ ಕಥೆಗಳಲ್ಲಿ ಕಾಣುವುದೇ ಇಲ್ಲ. ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಸ್ಸಿಗೆ ಕಾಯುವ ಫಾದರ್ ಒಬ್ಬನೂ ಇಲ್ಲ.

ಇಷ್ಟನ್ನೂ ನುಂಗಿಕೊಂಡಿದ್ದೆ. ಇಪ್ಪತ್ತನೆಯ ಕಂತು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಕೊಲೆಗಾರ ಬಂದು ಮಂಡಿಯೂರಿ ಪಾಪನಿವೇದನೆ ಮಾಡುತ್ತಾನೆ. ಅವನು ಬಾಗಿಲು ದಾಟುವ ಮೊದಲೇ ಫಾದರ್ ಲೂಯಿಸ್ ಇನ್‌ಸ್ಪೆಕ್ಟರಿಗೆ ಫೋನ್ ಮಾಡುತ್ತಾರೆ. ಇದು ಆಗದ ಮಾತು. ಅಲ್ಲಿ ಕೇಳಿದ್ದನ್ನು ಫಾದರ್ ಸತ್ತರೂ ಹೊರಗೆ ಹಾಕುವುದಿಲ್ಲ. ಅದು ಅವರ ನಿಯಮ. ಪಿಶಾಚಿ ಹಾರಬಹುದು, ಅದು ಹಾರುವುದನ್ನು ನಾನು ನಂಬುತ್ತೇನೆ. ಪಾಪನಿವೇದನೆ ಕೇಳಿದ ಫಾದರ್ ಬಾಯಿಬಿಡುವುದನ್ನು ನಂಬಲಾರೆ. ತಿದ್ದಿ.

ಕೊನೆಗೊಂದು ಸಣ್ಣ ಪ್ರಶ್ನೆ, ಬರೀ ಕುತೂಹಲಕ್ಕೆ. ಹನ್ನೆರಡು ಮೇಣದಬತ್ತಿ ಆರಿಸಿ ಹದಿಮೂರನೆಯದನ್ನು ಮರೆತು ಹೋಗುವ, ಆ ಕಸ ಗುಡಿಸುವ ಹೆಂಗಸು ನಿಮಗೆ ಎಲ್ಲಿ ಸಿಕ್ಕಳು? ಹೊಂಗೆಮರಕ್ಕೆ ತೂಗುಹಾಕಿದ ಗಂಟೆ ಎಲ್ಲಿಯದು?

ಮುನಿಯಲ್ಲಪ್ಪ, ನಿವೃತ್ತ ಶಿಕ್ಷಕ


ಶ್ರೀನಿವಾಸಪುರ
21 ಫೆಬ್ರುವರಿ 2024

ಮಾನ್ಯರೇ,

ಸಂಪಾದಕರು ನಿಮ್ಮ ಪತ್ರವನ್ನು ಕಳಿಸಿಕೊಟ್ಟರು. ಲಕೋಟೆಯ ಮೇಲೆ ‘ಬಿಸಿ ಇದೆ, ಹುಷಾರು’ ಎಂದು ಪೆನ್ಸಿಲಿನಲ್ಲಿ ಬರೆದಿದ್ದರು. ಇಪ್ಪತ್ತು ಕಂತು ಬಿಡದೆ ಓದಿದ್ದಕ್ಕೆ ಕೃತಜ್ಞತೆ. ಕಪ್ಪು ಅಂಗಿಯ ತಪ್ಪನ್ನು ಒಪ್ಪಿಕೊಂಡೆ. ಪುಸ್ತಕವಾಗಿ ಬರುವಾಗ ಬಿಳಿ ಮಾಡುತ್ತೇನೆ.

ನಾನು ಇಲ್ಲಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ನಮ್ಮ ಮನೆಯಲ್ಲಿ ಯಾರೂ ಕ್ರೈಸ್ತರಲ್ಲ. ಚರ್ಚಿನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಡಬ್ಬಿಂಗ್ ಸಿನಿಮಾಗಳಿಂದ ಬಂದದ್ದು, ಮುಚ್ಚಿಡುವುದಿಲ್ಲ. ನಮ್ಮ ಹುಣಸೆಮರದ ದೆವ್ವಗಳನ್ನು ನಮ್ಮ ಹಿಂದಿನವರು ಬರೆದು ಬರೆದು ಸವೆಸಿಬಿಟ್ಟಿದ್ದಾರೆ. ಚರ್ಚಿಗೆ ಹೋದರೆ ನಮ್ಮಂಥವರಿಗೆ ಗಂಟೆ ಸಿಗುತ್ತದೆ, ಧೂಪ ಸಿಗುತ್ತದೆ, ಅರ್ಥವಾಗದ ಭಾಷೆಯ ಪ್ರಾರ್ಥನೆ ಸಿಗುತ್ತದೆ. ಭಯ ಹುಟ್ಟಿಸಲು ಇಷ್ಟು ಸಾಕು.

ಫಾದರ್ ಫೋನ್ ಮಾಡದಿದ್ದರೆ ಪೊಲೀಸರಿಗೆ ಗೊತ್ತಾಗುವುದು ಹೇಗೆ? ಕಥೆ ಅಲ್ಲೇ ನಿಂತುಬಿಡುತ್ತದೆ. ಮುಂದೆ ಅವರು ನ್ಯಾಯಾಲಯದಲ್ಲಿ ಸಾಕ್ಷಿಯನ್ನೂ ಹೇಳಲಿದ್ದಾರೆ. ನಿಮಗೆ ಇನ್ನಷ್ಟು ಕೋಪ ಬರಬಹುದು, ಈಗಲೇ ಕ್ಷಮೆ ಕೇಳಿಬಿಡುತ್ತೇನೆ.

ಮೇಣದಬತ್ತಿಯ ಹೆಂಗಸು ಬರೀ ಕಲ್ಪನೆ.

ಧನಶ್ರೀ


ಬೈರಕೂರು
27 ಫೆಬ್ರುವರಿ 2024

ಧನಶ್ರೀಯವರೇ,

ಕಥೆ ನಿಂತುಬಿಡುತ್ತದೆ ಎಂದಿರಿ. ಅಲ್ಲಿಂದಲೇ ಅಲ್ಲವೇ ಕಥೆ ಶುರುವಾಗುವುದು? ಗೊತ್ತಿದ್ದವನು ಹೇಳಿಬಿಟ್ಟರೆ ಅದು ಪೊಲೀಸ್ ವರದಿ. ಗೊತ್ತಿದ್ದೂ ಹೇಳಲಾಗದವನು ದಿನಾ ಆ ಕೊಲೆಗಾರನನ್ನು ಬೀದಿಯಲ್ಲಿ ನೋಡಬೇಕು, ನಮಸ್ಕಾರಕ್ಕೆ ನಮಸ್ಕಾರ ಹೇಳಬೇಕು. ಓದುವವನ ಎದೆ ಹಿಡಿದುಕೊಳ್ಳುವುದು ಅಲ್ಲಿ. ಇಷ್ಟು ವರ್ಷ ಈ ಜಾತಿಯ ಕಥೆ ಓದಿದವನು ಹೇಳುತ್ತಿದ್ದೇನೆ, ಕೇಳಿ.

ನನ್ನ ಹೆಂಡತಿ ಚಿಕ್ಕವೆಂಕಟಮ್ಮ ನಿಮ್ಮ ಪಕ್ಷ. ಪಂಚಾಯ್ತಿಗೆ ಅರ್ಜಿ, ವಿದ್ಯುತ್ ಕಚೇರಿಗೆ ಅರ್ಜಿ, ಪತ್ರಿಕೆಗೆ ದೂರು, ಇನ್ನು ದೆವ್ವಕ್ಕೂ ನೋಟಿಸು ಕೊಡಿ ಎಂದು ನಗುತ್ತಾಳೆ.

ನಾನು ಯಾಕೆ ಬಿಡುತ್ತಿಲ್ಲ ಎಂಬುದನ್ನು ಹೇಳುತ್ತೇನೆ. 1973ರಲ್ಲಿ ನನ್ನ ಮೊದಲ ಕೆಲಸ ಮಾಲೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಮಾಸ್ತಿಗೆ ಹೋಗುವ ಬಸ್ಸು ಬಿಟ್ಟು ಎರಡು ಮೈಲಿ ನಡೆಯಬೇಕಿತ್ತು. ಅಲ್ಲಿ ಹಂಚಿನ ಸೂರಿನ ಒಂದು ಸಣ್ಣ ಚರ್ಚು, ಇಪ್ಪತ್ತು ಕ್ರೈಸ್ತ ಮನೆಗಳು. ಫಾದರ್ ಇನ್ನಾಸಪ್ಪ ಎಂಬುವವರು ಇದ್ದರು. ಊರೆಲ್ಲ ‘ಸ್ವಾಮಿ’ ಎನ್ನುತ್ತಿತ್ತು. ಚರ್ಚಿನ ಜಗಲಿಯಲ್ಲಿ ವಾಚನಾಲಯ ಇಟ್ಟಿದ್ದರು. ಬೈಬಲ್ ಪಕ್ಕದಲ್ಲೇ ಕನ್ನಡದ ವಾರಪತ್ರಿಕೆಗಳು. ಸಂಜೆ ನಾನು ಹೋದರೆ, ಧಾರಾವಾಹಿಯ ಪುಟ ಮಡಿಸಿ ಇಟ್ಟಿರುತ್ತಿದ್ದರು. ‘ಮೇಷ್ಟ್ರೇ, ಕೊಲೆ ಮಾಡಿದ್ದು ಅಡುಗೆಯವನೇ, ಪಂದ್ಯ’ ಎನ್ನುತ್ತಿದ್ದರು. ಸದಾ ಸೋಲುತ್ತಿದ್ದರು. ಕೆಟ್ಟವರನ್ನು ಗುರುತಿಸುವುದು ಅವರಿಗೆ ಬರುತ್ತಿರಲಿಲ್ಲ.

ಆ ಊರಿನಲ್ಲಿ ಒಂದು ಅನಾಹುತವಾಯಿತು. ಅದಕ್ಕೆ ಕಾರಣನಾದವನು, ನನಗೆ ಗೊತ್ತಿದ್ದ ಒಬ್ಬ, ಕ್ರೈಸ್ತನೂ ಅಲ್ಲ, ಜನ ಸಾಲು ನಿಂತು ಪಾಪನಿವೇದನೆ ಮಾಡುವುದನ್ನು ಕಂಡು ತಾನೂ ನಿಂತ. ನಮ್ಮೂರಿನ ದೇವರ ಮುಂದೆ ತಪ್ಪಾಯಿತು ಎಂದು ಅಡ್ಡಬೀಳುವ ಹಾಗೇ ಇದೂ ಎಂದುಕೊಂಡ. ಸ್ವಾಮಿಗೆ ಎಲ್ಲ ಹೇಳಿದ. ಸ್ವಾಮಿ ಯಾರಿಗೂ ಹೇಳಲಿಲ್ಲ. ಊರವರು ಕೇಳಿದಾಗ, ‘ಗುಡಿ ನನ್ನ ಕೈಲಿತ್ತು, ತಪ್ಪು ನನ್ನದು’ ಎಂದರು. ಮೇಲಿನವರು ಅವರನ್ನು ಎತ್ತಂಗಡಿ ಮಾಡಿದರು. ಟ್ರಂಕು ಹೊತ್ತುಕೊಂಡು ಬಸ್ಸು ಹತ್ತಿ ಹೋದರು. ಅವರ ನಿಯಮ ಅಷ್ಟು ಗಟ್ಟಿ. ಆ ನಿಯಮಕ್ಕೆ ನಾನು ಇವತ್ತಿಗೂ ಕೈಮುಗಿಯುತ್ತೇನೆ. ನಿಮ್ಮ ಫಾದರ್ ಲೂಯಿಸ್ ಅದನ್ನು ಮುರಿದಾಗ ನನಗೆ ಆ ಟ್ರಂಕು ಕಂಡಿತು.

ಮುನಿಯಲ್ಲಪ್ಪ


ಶ್ರೀನಿವಾಸಪುರ
11 ಮಾರ್ಚ್ 2024

ಮೇಷ್ಟ್ರೇ,

ಇನ್ನು ಮೇಲೆ ‘ಮಾನ್ಯರೇ’ ಎನ್ನಲು ಮನಸ್ಸಿಲ್ಲ. ನಿಮ್ಮ ಪತ್ರ ಓದಿ ಎರಡು ದಿನ ತರಗತಿಯಲ್ಲಿ ಏನು ಪಾಠ ಮಾಡಿದೆನೋ ನನಗೇ ಗೊತ್ತಿಲ್ಲ.

ನಾನು ನಿಮಗೆ ಸುಳ್ಳು ಬರೆದಿದ್ದೆ. ಮೇಣದಬತ್ತಿಯ ಹೆಂಗಸು ಕಲ್ಪನೆಯಲ್ಲ, ನನ್ನ ಅಜ್ಜಿ, ನಮ್ಮಮ್ಮನ ತಾಯಿ. ಹೆಸರು ರಾಮಲಕ್ಷ್ಮಮ್ಮ. ಎಂಬತ್ತೊಂದು ವರ್ಷ. ನೀವು ಹೇಳಿದ ಊರಿನವಳೇ, ನೀವು ಹೇಳಿದ ಚರ್ಚನ್ನೇ ಗುಡಿಸುತ್ತಿದ್ದವಳು. ಕ್ರಿಸ್ಮಸ್ಸಿಗೆ ಎರಡು ದಿನ ಮುಂಚೆ, ಸಂಜೆ, ಮೇಣದಬತ್ತಿಗಳನ್ನು ಆರಿಸಿ ಮನೆಗೆ ಬಂದಳು. ಹಿಂದೆಯೇ ಚರ್ಚು ಹೊತ್ತಿ ಉರಿಯಿತು. ಯಾರಿಗೂ ಏನೂ ಆಗಲಿಲ್ಲ, ಆದರೆ ಸೂರು ಕುಸಿದುಬಿತ್ತು. ಹನ್ನೆರಡು ಆರಿಸಿದ್ದು ನೆನಪಿದೆ, ಮಾತೆಯ ಪ್ರತಿಮೆಯ ಹತ್ತಿರದ ಹದಿಮೂರನೆಯದು ನೆನಪಿಲ್ಲ ಎಂದು ಇವತ್ತಿಗೂ ಹೇಳುತ್ತಾಳೆ. ಊರಿನವರೂ ಅವಳನ್ನೇ ಬೆರಳು ಮಾಡಿ ತೋರಿಸಿದರು. ಸ್ವಾಮಿ ತಪ್ಪು ತಮ್ಮದೆಂದು ಹೇಳಿ ಅವಳನ್ನು ಉಳಿಸಿದರು. ಅವರ ಹೆಸರು ಹೇಳುವಾಗಲೆಲ್ಲ ಅಜ್ಜಿ ಎರಡೂ ಕೈ ಎತ್ತುತ್ತಾಳೆ.

ಆ ಕಥೆಯನ್ನು ಚಿಕ್ಕಂದಿನಿಂದ ಕೇಳಿ ಕೇಳಿ ನನಗೆ ಸ್ವಾಮಿಯ ಮೇಲೆ ಸಿಟ್ಟಿತ್ತು. ಉಳಿಸುವುದೇ ಆದರೆ ‘ಈ ಹೆಂಗಸು ನಿರಪರಾಧಿ’ ಎಂದು ಯಾಕೆ ಕೂಗಿ ಹೇಳಲಿಲ್ಲ? ಆ ಸಿಟ್ಟಿಗೇ ಫಾದರ್ ಲೂಯಿಸ್‌ನನ್ನು ಬಾಯಿಬಡುಕನನ್ನಾಗಿ ಮಾಡಿದೆ. ಈಗ ಅರ್ಥವಾಯಿತು. ಸಾಲಿನಲ್ಲಿ ನಿಂತು ಪಾಪನಿವೇದನೆ ಮಾಡಿದ ಆ ‘ಒಬ್ಬ’ ನನ್ನ ಅಜ್ಜಿಯೇ ಅಲ್ಲವೇ? ಹೆಂಗಸಿನ ಹೆಸರು ಕೆಡಬಾರದೆಂದು ನೀವು ಗಂಡಸಿನಂತೆ ಬರೆದಿರಿ. ನಿಮ್ಮ ಸಂಕೋಚಕ್ಕೆ ನಮಸ್ಕಾರ. ಅವಳು ತಾನೇ ಒಪ್ಪಿಕೊಂಡಿದ್ದರಿಂದ ಸ್ವಾಮಿ ನಿರಪರಾಧಿ ಎನ್ನಲಾಗದೆ, ಅಪರಾಧಿ ಎಂದೂ ಎನ್ನಲಾಗದೆ, ಭಾರವನ್ನು ತಾವೇ ಹೊತ್ತರು.

ಕಳೆದ ಶನಿವಾರ ಕೋಲಾರಕ್ಕೆ ಹೋಗಿ ಅಲ್ಲಿಯ ಒಬ್ಬ ಫಾದರನ್ನು ಭೇಟಿ ಮಾಡಿದೆ. ಕಪ್ಪು ಅಂಗಿಯ ವಿಷಯ ಕೇಳಿ ನಕ್ಕು ಕಾಫಿ ಕೊಟ್ಟರು. ಪಾಪನಿವೇದನೆಯ ವಿಷಯಕ್ಕೆ ಬಂದಾಗ ನಗು ನಿಲ್ಲಿಸಿದರು. ನೀವು ಹೇಳಿದ್ದು ಸರಿ, ಪ್ರಾಣ ಹೋದರೂ ಹೇಳುವಂತಿಲ್ಲ, ತಿಳಿದದ್ದನ್ನು ಇನ್ನಾವ ರೀತಿಯಲ್ಲೂ ಬಳಸುವಂತಿಲ್ಲ. ನಮ್ಮವರೊಬ್ಬರು ಹೋಗಿ ಹೇಳಿಕೊಂಡರೆ ಎಂದು ಕೇಳಿದೆ. ಜ್ಞಾನಸ್ನಾನ ಆಗಿ ಕ್ರೈಸ್ತರಾಗದವರು ಹೇಳಿಕೊಂಡರೆ ಅದು ಪಾಪನಿವೇದನೆಯ ಸಂಸ್ಕಾರವೇ ಆಗುವುದಿಲ್ಲವಂತೆ. ಆ ಕಟ್ಟುನಿಟ್ಟಿನ ನಿಯಮ ಅಲ್ಲಿಗೆ ಅನ್ವಯಿಸುವುದಿಲ್ಲ. ಹೇಳುವುದು ಬಿಡುವುದು ಆ ಫಾದರಿನ ಮನಸ್ಸಿಗೆ ಸೇರಿದ್ದು. ಒಳ್ಳೆಯವನಾದರೆ ಸುಮ್ಮನಿರುತ್ತಾನೆ, ಅಷ್ಟೇ ಎಂದರು.

ನಿಮ್ಮಿಂದಾಗಿ ಇಷ್ಟು ತಿಳಿಯಿತು. ಅಜ್ಜಿಯ ಜೊತೆ ಆ ದಿನ ಯಾರೂ ನಿಲ್ಲಲಿಲ್ಲ ಎಂದುಕೊಂಡಿದ್ದೆ. ಅವಳ ಗುಟ್ಟನ್ನು ಐವತ್ತು ವರ್ಷ ಕಾಪಾಡಿದ ಮೇಷ್ಟ್ರೊಬ್ಬರು ಇದ್ದರು ಎಂದು ತಿಳಿದು ಕಣ್ಣು ತುಂಬಿತು. ತುಂಬಾ ಉಪಕಾರವಾಯಿತು.

ನಿಮ್ಮ ಧನಶ್ರೀ


ಶ್ರೀನಿವಾಸಪುರ
20 ಏಪ್ರಿಲ್ 2024

ಮೇಷ್ಟ್ರೇ,

ನಲವತ್ತು ದಿನವಾಯಿತು. ಮಾವಿನ ಕೆಲಸ ಇರಬೇಕು ಎಂದುಕೊಂಡೆ. ಏನಾದರೂ ತಪ್ಪು ಬರೆದೆನೇ ಎಂದು ನನ್ನ ಪತ್ರವನ್ನು ನೆನಪಿಗೆ ತಂದುಕೊಂಡು ನೋಡಿದೆ, ಗೊತ್ತಾಗಲಿಲ್ಲ.

ಧಾರಾವಾಹಿ ಬದಲಾಗಿದೆ, ಓದುತ್ತಿದ್ದೀರೋ ಇಲ್ಲವೋ. ಇನ್‌ಸ್ಪೆಕ್ಟರಿಗೆ ಫೋನ್ ಮಾಡಿದ್ದು ಫಾದರಿನ ದನಿ ಕದ್ದ ಪಿಶಾಚಿ ಎಂದು ಮಾಡಿದೆ. ಸಂಪಾದಕರು ‘ಒಳ್ಳೇ ತಿರುವು’ ಎಂದರು. ನಿಜವಾದ ಫಾದರ್ ಈಗ ಏನೇ ಆದರೂ ಬಾಯಿಬಿಡುತ್ತಿಲ್ಲ. ಪೀಠದ ಕೆಳಗೆ ಪಿಶಾಚಿಯನ್ನು ಬಂಧಿಸಿರುವುದು ಕಲ್ಲಲ್ಲ, ಹಿಂದಿನ ಫಾದರುಗಳು ಯಾರಿಗೂ ಹೇಳದೆ ಉಳಿಸಿದ ಮಾತುಗಳು. ಒಂದು ಮಾತು ಹೊರಬಿದ್ದರೂ ಕಟ್ಟು ಸಡಿಲವಾಗುತ್ತದೆ. ನಿಮ್ಮ ಪತ್ರದಿಂದಲೇ ಹೊಳೆದದ್ದು.

ಇನ್ನೊಂದು ವಿಷಯ. ಅಜ್ಜಿಯನ್ನು ನನ್ನ ಮನೆಗೆ ಕರೆತಂದಿದ್ದೇನೆ. ಹೃದಯ ದುರ್ಬಲವಾಗಿದೆ, ಬಹಳ ದಿನ ಮುಂದಿನ ಮಾತು ಆಡಬೇಡಿ ಎಂದು ಡಾಕ್ಟರು ಹೇಳಿದರು. ಕೂತಲ್ಲೇ ಅಜ್ಜಿ ಬೆರಳು ಮಡಿಸಿ ಹದಿಮೂರು ಎಣಿಸುತ್ತಾಳೆ, ಮತ್ತೆ ಎಣಿಸುತ್ತಾಳೆ. ಆ ಊರನ್ನು ಬಲ್ಲವರು ನೀವೊಬ್ಬರೇ ಉಳಿದಿರುವುದು. ಎರಡು ಸಾಲು ಬರೆದರೆ ಅವಳಿಗೆ ಓದಿ ಹೇಳುತ್ತೇನೆ. ಅವಳಿಗೆ ಓದು ಬರುವುದಿಲ್ಲ.

ಧನಶ್ರೀ


ಬೈರಕೂರು
28 ಏಪ್ರಿಲ್ 2024

ಮಗೂ ಧನಶ್ರೀ,

ಮಾವಿನ ಕೆಲಸ ಏನೂ ಇರಲಿಲ್ಲ. ನಿನಗೆ ನಾಲ್ಕು ಪತ್ರ ಬರೆದು ನಾಲ್ಕನ್ನೂ ಒಲೆಗೆ ಹಾಕಿದೆ. ಇದು ಐದನೆಯದು. ಇದನ್ನು ಬರೆದ ತಕ್ಷಣ ಚಿಕ್ಕವೆಂಕಟಮ್ಮನ ಕೈಗೆ ಕೊಡುತ್ತೇನೆ, ಅವಳು ಓದಿ ಅಂಚೆಗೆ ಹಾಕಿಸುತ್ತಾಳೆ. ಅವಳಿಗೂ ಇದು ಇವತ್ತೇ ತಿಳಿಯುವುದು.

ಸಾಲಿನಲ್ಲಿ ನಿಂತ ಆ ಒಬ್ಬ ನಿನ್ನ ಅಜ್ಜಿಯಲ್ಲ. ನಾನು.

ಕ್ರಿಸ್ಮಸ್ಸಿಗೆ ಗೋದಲಿ ಕಟ್ಟುತ್ತಾರೆ, ನಿನಗೆ ಗೊತ್ತಿರಬಹುದು. ಬಾಲಯೇಸು ಹುಟ್ಟಿದ ಕೊಟ್ಟಿಗೆ. ಆ ವರ್ಷ ಚರ್ಚಿನ ಪಕ್ಕದ ಕಿಟಕಿಗೆ ಒತ್ತಿಕೊಂಡು ಬಿದಿರು ನೆಟ್ಟು, ರಾಗಿಹುಲ್ಲು ಹೊದಿಸಿ ಕಟ್ಟಿದ್ದರು. ಹುಲ್ಲು ಹೊದಿಸಲು ನಾನೂ ಕೈಹಾಕಿದ್ದೆ. ಕೆಲಸ ಮುಗಿಸಿ ಎಲ್ಲರೂ ಹೋದ ಮೇಲೆ ಅದರ ಹಿಂದೆ ನಿಂತು ಬೀಡಿ ಸೇದಿದೆ. ಮೇಷ್ಟ್ರು ಬೀಡಿ ಸೇದುವುದನ್ನು ಊರು ನೋಡಬಾರದಿತ್ತು. ಯಾರೋ ಬಂದ ಸದ್ದಾಯಿತು, ತುಂಡನ್ನು ಎಸೆದು ಹೊರಟೆ. ಎಲ್ಲಿ ಬಿತ್ತೆಂದು ನೋಡಲಿಲ್ಲ. ಕೆರೆಯ ಏರಿ ತಲುಪುವಷ್ಟರಲ್ಲಿ ಹಿಂದೆ ಕೂಗು ಕೇಳಿತು. ತಿರುಗಿದರೆ ಮೊದಲು ಉರಿಯುತ್ತಿದ್ದದ್ದು ಗೋದಲಿ. ಆಮೇಲೆ ಕಿಟಕಿ, ಆಮೇಲೆ ಸೂರು. ಜನ ಓಡಿ ಬರುವಷ್ಟರಲ್ಲಿ ಎಲ್ಲ ಒಂದಾಗಿತ್ತು. ಬೆಂಕಿ ಎಲ್ಲಿಂದ ಶುರುವಾಯಿತು ಎಂಬುದನ್ನು ನೋಡಿದವನು ನಾನೊಬ್ಬನೇ.

ಮಾರನೆಯ ದಿನ ಬೆಳಿಗ್ಗೆ ಸ್ವಾಮಿ ಹೊಂಗೆಮರದ ಕೆಳಗೆ ಒಂದು ಕುರ್ಚಿ ಹಾಕಿಕೊಂಡು, ಕೊಂಬೆಗೆ ಹಗ್ಗ ಕಟ್ಟಿ ಒಂದು ಪಂಚೆ ಇಳಿಬಿಟ್ಟು ಅದರ ಹಿಂದೆ ಕೂತಿದ್ದರು. ಪಾಪನಿವೇದನೆಯ ಮರದ ಗೂಡು ಸುಟ್ಟುಹೋಗಿತ್ತಲ್ಲ. ಜನ ಒಬ್ಬೊಬ್ಬರಾಗಿ ಹೋಗಿ ಪಂಚೆಯ ಈಚೆ ಮಂಡಿಯೂರಿ ಏನೋ ಪಿಸುಗುಟ್ಟಿ, ಹಗುರಾಗಿ ಎದ್ದು ಬರುತ್ತಿದ್ದರು. ನಾನೂ ನಿಂತೆ. ಹೇಳಿದೆ. ಕೆಲಸ ಕಾಯಂ ಆಗಿಲ್ಲ, ಗೊತ್ತಾದರೆ ಹೋಗುತ್ತದೆ ಎಂದೂ ಹೇಳಿದೆ. ನಾಚಿಕೆಗೇಡಿನ ಮಾತು, ಆದರೆ ಹೇಳಿದೆ.

ಪಂಚೆಯ ಆಚೆಯಿಂದ ಅವರು, ‘ಮೇಷ್ಟ್ರೇ, ನಾನು ಕೇಳ್ಕೊಂಡೆ. ನನ್ನ ಬಾಯಿಂದ ಇದು ಹೋಗಲ್ಲ. ನಿಮ್ಮ ಬಾಯಿಂದ ಹೋಗ್ಬೇಕು, ಯಾವತ್ತಾದ್ರೂ’ ಎಂದರು.

ಆ ‘ಯಾವತ್ತಾದ್ರೂ’ ಎಂಬ ಒಂದು ಮಾತನ್ನು ಹಿಡಿದುಕೊಂಡು ಐವತ್ತು ವರ್ಷ ಕಳೆದೆ.

ಊರ ಸಭೆಯಲ್ಲಿ ನಿನ್ನ ಅಜ್ಜಿಯನ್ನು ನಿಲ್ಲಿಸಿ ಕೇಳಿದರು. ನಾನು ಎರಡನೆಯ ಸಾಲಿನಲ್ಲಿ ಕೂತಿದ್ದೆ. ಸ್ವಾಮಿ ಎದ್ದು ನಿಂತು ತಪ್ಪು ನನ್ನದು ಎಂದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ನಾನು ಎದ್ದುಬಿಡುತ್ತಿದ್ದೆನೋ ಏನೋ. ಎರಡು ವರ್ಷದ ಮೇಲೆ ನನಗೆ ಈ ಕಡೆಗೆ ವರ್ಗವಾಯಿತು. ರಾಮಲಕ್ಷ್ಮಮ್ಮನನ್ನು ಅಷ್ಟು ದಿನವೂ ಬಾವಿಯ ಹತ್ತಿರ ದಿನಾ ನೋಡುತ್ತಿದ್ದೆ. ಸ್ವಾಮಿ ತೊಂಬತ್ತೊಂದರಲ್ಲಿ ತೀರಿಕೊಂಡರೆಂದು ಕೇಳಿದೆ, ಹೋಗಲಿಲ್ಲ.

ನಿನ್ನ ಧಾರಾವಾಹಿಯಲ್ಲಿ ಹದಿಮೂರು ಮೇಣದಬತ್ತಿ ಕಂಡಾಗಲೇ ಗುರುತಾಗಿತ್ತು. ಅದಕ್ಕೇ ಬರೆದೆ. ನಿಯಮ, ನಿಯಮ ಎಂದು ಕೂಗಾಡಿದೆ. ನನಗೆ ಆ ನಿಯಮ ಬೇಕಾಗಿತ್ತಮ್ಮ. ಸ್ವಾಮಿ ಸುಮ್ಮನಿದ್ದದ್ದು ನಿಯಮ ಬಾಯಿ ಕಟ್ಟಿದ್ದರಿಂದ, ಅದರಲ್ಲಿ ನನ್ನ ಋಣವೇನೂ ಇಲ್ಲ ಎಂದು ಅಂದುಕೊಂಡೇ ಬದುಕಿದ್ದೆ. ನೀನು ಕೋಲಾರಕ್ಕೆ ಹೋಗಿ ಕೇಳಿ ಬಂದು ಬರೆದೆ, ನಮ್ಮಂಥವರಿಗೆ ಆ ನಿಯಮವೇ ಇಲ್ಲ ಎಂದು. ಅವರು ಹೇಳಬಹುದಿತ್ತು. ಒಂದು ಮಾತು ಹೇಳಿ ಊರಲ್ಲೇ ಇದ್ದುಬಿಡಬಹುದಿತ್ತು. ಹೇಳಲಿಲ್ಲ. ಆ ಸಾಲನ್ನು ಓದಿದ ದಿನ ನಾನು ತೋಟಕ್ಕೆ ಹೋಗಿ ಒಬ್ಬನೇ ಕೂತೆ. ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಮೊದಲ ಸಲ ಆ ಮನುಷ್ಯನಿಗೆ ಕೈಮುಗಿದೆ. ಅಲ್ಲಿಯವರೆಗೆ ಮುಗಿದದ್ದೆಲ್ಲ ನಿಯಮಕ್ಕೆ.

ನೀನು ನನಗೆ ಉಪಕಾರ ಎಂದು ಬರೆದೆ. ಆ ಮಾತು ನನಗೆ ಸಲ್ಲುವುದಿಲ್ಲ. ಇದನ್ನು ನಿನ್ನ ಅಜ್ಜಿಗೆ ಓದು. ಅವಳ ಮನೆಮಾತು ತೆಲುಗು, ಅದರಲ್ಲೇ ಹೇಳು, ಒಂದು ಮಾತನ್ನೂ ಮೆದು ಮಾಡಬೇಡ. ಅವಳ ಕೈಯಲ್ಲಿ ಏನೂ ತಪ್ಪಾಗಲಿಲ್ಲ. ಆಮೇಲೆ ನಿನ್ನ ಕಥೆಯಲ್ಲಿ ಬೇಕಾದರೂ ಬರಿ, ನನ್ನ ಹೆಸರು ಹಾಕಿಯೇ ಬರಿ.

ಮುನಿಯಲ್ಲಪ್ಪ


ಶ್ರೀನಿವಾಸಪುರ
6 ಮೇ 2024

ತಾತ,

ಶುಕ್ರವಾರ ನಿಮ್ಮ ಪತ್ರ ಬಂತು. ಆ ದಿನ ನನಗೆ ನಿಮ್ಮ ಮೇಲೆ ಬಂದ ಕೋಪವನ್ನು ಬರೆಯಲು ಹೋಗುವುದಿಲ್ಲ. ಶನಿವಾರವೂ ಅಜ್ಜಿಗೆ ಓದಲಿಲ್ಲ. ದುರ್ಬಲ ಹೃದಯ, ಐವತ್ತು ವರ್ಷದ ಸುದ್ದಿ. ಸುಮ್ಮನಿದ್ದುಬಿಡಲೇ ಎನ್ನಿಸಿತು. ಹೇಳುವುದೋ ಬಿಡುವುದೋ ಎಂದು ಎರಡು ದಿನ ಒದ್ದಾಡುವುದೇ ಇಷ್ಟು ಕಷ್ಟ ಎಂದರೆ, ಸ್ವಾಮಿ ತೀರಿಕೊಳ್ಳುವವರೆಗೆ ಹದಿನೆಂಟು ವರ್ಷ ಹೇಗಿದ್ದರೋ.

ನಿನ್ನೆ ಭಾನುವಾರ ಬೆಳಿಗ್ಗೆ ಅಜ್ಜಿಗೆ ರಾಗಿಗಂಜಿ ಕುಡಿಸಿ, ಹೊರಗಿನ ಮಂಚದ ಮೇಲೆ ಕೂರಿಸಿ ಓದಿದೆ. ನೀವು ಹೇಳಿದ ಹಾಗೆ ತೆಲುಗಿನಲ್ಲಿ. ಮೆದು ಮಾಡಲಿಲ್ಲ. ಬೀಡಿಯ ಭಾಗಕ್ಕೆ ಬಂದಾಗ ಕೈ ಎತ್ತಿ ನಿಲ್ಲಿಸಿದಳು. ಇನ್ನೊಂದು ಸಲ ಓದು ಎಂದಳು. ಓದಿದೆ. ನಾನು ನೀರಿನ ಲೋಟ ಹಿಡಿದು ನಿಂತಿದ್ದೆ.

‘ಹಂಗಾದ್ರೆ ಸಾಮಿ ನಿಜಾನೇ ಹೇಳಿದ್ನಾ?’ ಎಂದಳು.

ನನಗೆ ಅರ್ಥವಾಗಲಿಲ್ಲ. ನಿಧಾನಕ್ಕೆ ಹೇಳಿದಳು. ಇದನ್ನು ನಮ್ಮಮ್ಮನಿಗೂ ಹೇಳಿರಲಿಲ್ಲವಂತೆ. ಬೆಂಕಿ ಬಿದ್ದ ಮೇಲೆ ಸ್ವಾಮಿ ಅವಳ ಮನೆ ಬಾಗಿಲಿಗೆ ಎರಡು ಸಲ ಬಂದಿದ್ದರು. ಊರು ಬಿಡುವ ದಿನವೂ ಟ್ರಂಕು ಬಸ್‌ಸ್ಟಾಪಿನಲ್ಲಿಟ್ಟು ವಾಪಸು ಬಂದರು. ಮೂರು ಸಲವೂ ಹೇಳಿದ್ದು ಒಂದೇ ಮಾತು: ಅವಳು ಹೋದ ಮೇಲೆ ತಾವೇ ಒಳಗೆ ಹೋಗಿ ಕಣ್ಣಾರೆ ನೋಡಿದರು, ಹದಿಮೂರೂ ಆರಿದ್ದವು. ಮತ್ತೆ ಬೆಂಕಿ ಹೆಂಗೆ ಬಂತು ಸಾಮಿ ಎಂದು ಇವಳು ಕೇಳಿದಳು. ಅವರು ತಲೆ ತಗ್ಗಿಸಿದರು, ಉತ್ತರ ಕೊಡಲಿಲ್ಲ. ಉತ್ತರ ಬರದಿದ್ದದ್ದಕ್ಕೇ ಅಜ್ಜಿ ನಂಬಲಿಲ್ಲ. ತನ್ನ ಮನಸ್ಸಿಗೆ ಸಮಾಧಾನ ಮಾಡಲು ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡಳು. ಸಭೆಯಲ್ಲಿ ಇದನ್ನು ಹೇಳಿದ್ದರೆ, ಹಾಗಾದರೆ ಬೆಂಕಿ ಯಾರದು ಎಂದು ಊರು ನಿಮ್ಮನ್ನು ಹುಡುಕುತ್ತಿತ್ತು, ಅದಕ್ಕೇ ಅವರು ಅಲ್ಲಿ ಹೇಳಲಿಲ್ಲ ಎಂದು ನನಗೆ ಈಗ ಹೊಳೆಯುತ್ತದೆ.

ತಾತ, ಐವತ್ತು ವರ್ಷ ಅವಳನ್ನು ಕೊರೆದದ್ದು ಬೆಂಕಿಯಲ್ಲ. ಚರ್ಚನ್ನು ಮತ್ತೆ ಕಟ್ಟಿದರು, ಅದು ಮುಗಿದುಹೋಯಿತು ಎನ್ನುತ್ತಾಳೆ. ದೇವರಂಥ ಮನುಷ್ಯನ ಬಾಯಲ್ಲಿ ತನ್ನಿಂದಾಗಿ ಸುಳ್ಳು ಬಂತು, ಆ ಪಾಪ ಅವರಿಗೆ ಅಂಟಬಾರದು. ಅವಳ ಸಂಕಟ ಅದು. ಅದಕ್ಕೆ ಪ್ರತಿ ವರ್ಷ ಡಿಸೆಂಬರ್ ಇಪ್ಪತ್ತನಾಲ್ಕರಂದು ನೀರೂ ಮುಟ್ಟದೆ ಉಪವಾಸ ಇರುತ್ತಿದ್ದಳು. ನಾವೆಲ್ಲ ಅದನ್ನು ಧನುರ್ಮಾಸದ ಯಾವುದೋ ವ್ರತ ಎಂದುಕೊಂಡಿದ್ದೆವು. ಫಾದರಿನ ಸುಳ್ಳಿಗಾಗಿ ನಮ್ಮ ಮನೆಯ ದೇವರ ಮುಂದೆ ಕೂತು ಉಪವಾಸ!

‘ಸಾಮಿ ಸುಳ್ಳು ಹೇಳ್ಲಿಲ್ಲ’ ಎಂದು ತನಗೆ ತಾನೇ ನಾಲ್ಕೈದು ಸಲ ಹೇಳಿಕೊಂಡಳು. ತನ್ನ ತಪ್ಪಲ್ಲ ಎಂಬುದನ್ನು ಒಂದು ಸಲವೂ ಹೇಳಲಿಲ್ಲ. ನಾನೇ ನೆನಪಿಸಿದೆ. ‘ಅದಿರ್ಲಿ ಬಿಡೇ’ ಎಂದುಬಿಟ್ಟಳು. ಆಮೇಲೆ ಅತ್ತಳು, ಜೋರಾಗಿಯಲ್ಲ. ಇವತ್ತು ಬೆರಳು ಎಣಿಸುತ್ತಿಲ್ಲ.

ನಿಮ್ಮ ಮಾತು ನನ್ನ ಧಾರಾವಾಹಿಗೆ ಹೋಗುವುದಿಲ್ಲ, ಹೆಸರು ಹಾಕಿಯೂ ಇಲ್ಲ, ಹಾಕದೆಯೂ ಇಲ್ಲ. ಫಾದರ್ ಲೂಯಿಸ್ ಕೊನೆಯ ಕಂತಿನವರೆಗೂ ಸುಮ್ಮನಿರುತ್ತಾರೆ. ನಿಮ್ಮ ಮೇಲಿನ ಕೋಪ ಪೂರ್ತಿ ಹೋಗಿದೆ ಎಂದು ಹೇಳಲಾರೆ, ಆದರೆ ನೀವು ಬರೆಯದೆ ಹೋಗಿದ್ದರೆ ಅಜ್ಜಿ ಆ ಸುಳ್ಳನ್ನು ಕಟ್ಟಿಕೊಂಡೇ ಹೋಗುತ್ತಿದ್ದಳು. ಹಾಗಾಗಿ ಈ ಸಲವೂ ಉಪಕಾರ ಎಂದೇ ಬರೆಯುತ್ತೇನೆ. ಸಲ್ಲುವುದಿಲ್ಲ ಎಂದು ವಾಪಸು ಕಳಿಸಬೇಡಿ.

ಸಂಜೆ ಅಜ್ಜಿ ನನ್ನನ್ನು ಕೂಗಿ ಕರೆದಳು. ಆ ಮೇಷ್ಟ್ರಿಗೆ ಏನಾದರೂ ಬರೆಯಬೇಕೇ ಎಂದು ಕೇಳಿದೆ. ಡಾಕ್ಟರು ಆಡಬೇಡಿ ಎಂದ ಮಾತನ್ನೇ ಅವಳು ಆಡಿದಳು, ಏಳು ತಿಂಗಳು ಮುಂದಿನ ಮಾತು. ಅವಳ ತೆಲುಗನ್ನು ಒಂದು ಮಾತೂ ಬಿಡದೆ ಕನ್ನಡಕ್ಕೆ ತಿರುಗಿಸಿ ಕೆಳಗೆ ಬರೆದಿದ್ದೇನೆ.

‘ಆ ಮೇಷ್ಟ್ರಿಗೆ ಬರಿ. ಐವತ್ತು ವರ್ಷ ನಾನು ಹಸ್ಕೊಂಡಿದ್ದಾಯ್ತು. ಈ ಸಲ ಕ್ರಿಸ್ಮಸ್ಸಿನ ಹಿಂದಿನ ದಿನ ಅವನಿರ್ಲಿ ಉಪವಾಸ. ಹೊತ್ತು ಮುಳುಗಿದ್ಮೇಲೆ ಇಲ್ಲಿಗೆ ಬರ್ಲಿ, ಮುದ್ದೆ ಮಾಡ್ಸಿರ್ತೀನಿ.’